ದೂರ ಸರಿ, ಗಂಟೆ ಸಂಶಯ: ವಿಮಾನ ದೂರ ಲೆಕ್ಕ ಹಾಕುವ ತಾಣಗಳ ವಿಮರ್ಶೆ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಅವಧಿಯನ್ನೂ ಹೇಳುವ ತಾಣಗಳು ಹತ್ತಾರಿವೆ. ಬಹುತೇಕ ಎಲ್ಲದರ ಮುಖ ಒಂದೇ: ಮೇಲೆ ಎರಡು ಪೆಟ್ಟಿಗೆ, ಕೆಳಗೆ ಬಾಗಿದ ಗೆರೆಯ ನಕ್ಷೆ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಎರಡು ಸಂಖ್ಯೆ. ಆ ಎರಡು ಸಂಖ್ಯೆಗಳೂ ಒಂದೇ ಗಾತ್ರದ ಅಕ್ಷರದಲ್ಲಿರುವುದೇ ದೊಡ್ಡ ತೊಡಕು. ಮೊದಲನೆಯದು ಗಣಿತ, ಅದನ್ನು ನಂಬಿ ಕೆಲಸ ಮಾಡಬಹುದು. ಎರಡನೆಯದು ಊಹೆ. ಐದಾರು ಸಾವಿರ ಕಿಲೋಮೀಟರ್ ದಾಟಿದ ಮೇಲೆ ಆ ಊಹೆ ಒಂದು ಗಂಟೆಯಿಂದ ಮೂರು ಗಂಟೆಯವರೆಗೂ ತಪ್ಪಬಹುದು.

ಮೊದಲು ದೂರದ ಮಾತು. ಈ ತಾಣಗಳು ಕೊಡುವುದು ಮಹಾವೃತ್ತದ ದೂರ, ಅಂದರೆ ಗೋಲದ ಮೇಲ್ಮೈಯಲ್ಲಿ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ದಾರಿ. ಚಪ್ಪಟೆ ನಕ್ಷೆ ನೋಡಿ ಬೆಳೆದ ಕಣ್ಣಿಗೆ ಇದು ಸುತ್ತುದಾರಿಯಂತೆ ಕಾಣುತ್ತದೆ. ಸಿಡ್ನಿ ಮತ್ತು ಚಿಲಿಯ ಸ್ಯಾಂಟಿಯಾಗೊ ಎರಡೂ ಹೆಚ್ಚುಕಡಿಮೆ 34 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೇರ ಗೆರೆ ಎಳೆದು ಅದೇ ಅಕ್ಷಾಂಶದಲ್ಲಿ ಹೋದರೆ ಸುಮಾರು 12,775 ಕಿ.ಮೀ. ಆಗುತ್ತದೆ. ಮಹಾವೃತ್ತ ಹಿಡಿದರೆ ಸುಮಾರು 11,350 ಕಿ.ಮೀ. ಮಾತ್ರ. ಆದರೆ ಆ ಗೆರೆ ದಕ್ಷಿಣಕ್ಕೆ 62 ಡಿಗ್ರಿಯ ಹತ್ತಿರದವರೆಗೂ ಇಳಿಯುತ್ತದೆ, ಅಂಟಾರ್ಕ್ಟಿಕಾದ ನೆರೆಯವರೆಗೆ. ಸಿಂಗಾಪುರದಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ಮಹಾವೃತ್ತ ಹಿಡಿದರೆ ಹೊರಡುವ ದಿಕ್ಕು 357 ಡಿಗ್ರಿ, ಅಂದರೆ ಬಹುತೇಕ ನೇರ ಉತ್ತರ. ಇಂಥದ್ದನ್ನು ನಕ್ಷೆಯ ಸಮೇತ ತೋರಿಸಿಕೊಡುವುದು ಈ ತಾಣಗಳ ನಿಜವಾದ ಉಪಕಾರ.

ದೂರ ಹೇಳುವುದರಲ್ಲೂ ಎರಡು ಜಾತಿ ಇವೆ. ಒಂದು ಜಾತಿಯ ತಾಣ ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಉರುಟು ಚೆಂಡು ಎಂದುಕೊಂಡು ಹ್ಯಾವರ್‌ಸೈನ್ ಸೂತ್ರ ಹಾಕುತ್ತದೆ. ಇನ್ನೊಂದು, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್-84 ಆಕಾರವನ್ನೇ ಹಿಡಿಯುತ್ತದೆ. ಅದರಲ್ಲಿ ಸಮಭಾಜಕದ ತ್ರಿಜ್ಯ 6,378.137 ಕಿ.ಮೀ., ಧ್ರುವದ ಕಡೆಗಿನದು 6,356.752 ಕಿ.ಮೀ. ನಿಮ್ಮ ಮುಂದಿರುವ ತಾಣ ಯಾವ ಜಾತಿಯದು ಎಂದು ತಿಳಿಯಲು ಅರ್ಧ ನಿಮಿಷ ಸಾಕು. ಜೆಎಫ್‌ಕೆಯಿಂದ ಲಂಡನ್ ಹೀಥ್ರೂಗೆ ಕೇಳಿ. 5,540 ಕಿ.ಮೀ. ಎಂದರೆ ಚೆಂಡಿನ ಲೆಕ್ಕ, 5,555ರ ಆಸುಪಾಸು ಬಂದರೆ ನಿಜವಾದ ಆಕಾರದ ಲೆಕ್ಕ. ವ್ಯತ್ಯಾಸ 15 ಕಿ.ಮೀ., ಶೇಕಡಾ 0.3ಕ್ಕಿಂತ ಕಡಿಮೆ, ಎಲ್ಲೇ ಆದರೂ ಅದು ಶೇ. 0.6ರ ಒಳಗೇ ಉಳಿಯುತ್ತದೆ. ಪ್ರಯಾಣದ ಯೋಜನೆಗೆ ಇದು ಲೆಕ್ಕಕ್ಕಿಲ್ಲ. ಆದರೆ ದೂರದ ಗಡಿ ದಾಟಿದರೆ ಮೊತ್ತ ಬದಲಾಗುವ ಕಡೆ ಇದೇ ಮುಖ್ಯವಾಗುತ್ತದೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದ ವಿಳಂಬ ಪರಿಹಾರ ನಿಯಮ 1,500 ಮತ್ತು 3,500 ಕಿ.ಮೀ. ಗಡಿಗಳ ಮೇಲೆ ನಿಂತಿದೆ, ಅಲ್ಲಿ ಎಣಿಸುವುದೂ ಮಹಾವೃತ್ತದ ದೂರವನ್ನೇ. ಗಡಿಯ ಹತ್ತಿರದ ಜೋಡಿಯಾದರೆ ಎರಡನೇ ಜಾತಿಯ ತಾಣವನ್ನೇ ನೋಡಬೇಕು.

ಈ ಎರಡನೇ ಜಾತಿಯಲ್ಲಿ ಹಳೆಯದೂ ನೆಚ್ಚಬಹುದಾದದ್ದೂ ಗ್ರೇಟ್ ಸರ್ಕಲ್ ಮ್ಯಾಪರ್. ನೋಡಲು ಬಡಕಲು, ಕೆಲಸದಲ್ಲಿ ಗಟ್ಟಿ. ಎರಡು ನಿಲ್ದಾಣಗಳ ಕೋಡ್‌ಗಳ (ಜೆಎಫ್‌ಕೆಯಂಥ ಗುರುತಕ್ಷರಗಳ) ನಡುವೆ ಅಡ್ಡಗೆರೆ ಹಾಕಿದರೆ ಸಾಕು, ದೂರವೂ ಆರಂಭದ ದಿಕ್ಕೂ ಬರುತ್ತವೆ. ಮೂರು ಕೋಡ್‌ಗಳನ್ನು ಹೀಗೆ ಸಾಲಾಗಿ ಕೊಟ್ಟರೆ ಪ್ರತಿ ತುಂಡಿನ ದೂರ ಬೇರೆ, ಒಟ್ಟು ಬೇರೆ. ಅಲ್ಪವಿರಾಮ ಹಾಕಿ ಹಲವು ದಾರಿಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಬಹುದು. ಒಂದು ನಿಲ್ದಾಣದ ಸುತ್ತ ಇಷ್ಟು ನಾಟಿಕಲ್ ಮೈಲಿಯ ವರ್ತುಲ ಎಳೆ ಎಂದರೆ ಎಳೆಯುತ್ತದೆ. ಒಂದು ವಿಮಾನದ ವ್ಯಾಪ್ತಿ ಎಲ್ಲಿಯವರೆಗೆ ಎಂದು ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅವಧಿಯ ವಿಷಯದಲ್ಲಿ ಅದರ ನಡವಳಿಕೆ ಮೆಚ್ಚುವಂಥದ್ದು: ತಾನಾಗಿ ಊಹಿಸುವ ಬದಲು ನೆಲವೇಗವನ್ನು, ಅಂದರೆ ನೆಲಕ್ಕೆ ಹೋಲಿಸಿದ ವಿಮಾನದ ವೇಗವನ್ನು, ನಿಮ್ಮಿಂದಲೇ ಕೇಳಿ ಭಾಗಿಸಿಕೊಡುತ್ತದೆ. ಸರಿಯಾದ ವೇಗ ಕೊಡುವ ಹೊಣೆ ನಿಮ್ಮದು.

ದೂರ ತಪ್ಪು ಬಂದರೆ ಸೂತ್ರವನ್ನು ದೂರಬೇಡಿ. ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಒಳಗೆ ಹಾಕಿದ ಮಾಹಿತಿ. ಊರಿನ ಹೆಸರು ಬರೆದರೆ ಕೆಲವು ತಾಣಗಳು ನಿಲ್ದಾಣ ಬಿಟ್ಟು ಊರಿನ ನಡುಮಧ್ಯವನ್ನು ಹಿಡಿಯುತ್ತವೆ. ಟೋಕಿಯೊದ ಹನೇಡಾ ಮತ್ತು ನರಿಟಾ ನಡುವೆಯೇ ನೇರ ಗೆರೆಯಲ್ಲಿ 60 ಕಿ.ಮೀ. ಇದೆ. ಸಿಡ್ನಿ ಎಂದು ಬರೆದಾಗ ಕೆನಡಾದ ನೋವಾ ಸ್ಕೋಷಿಯಾದಲ್ಲಿರುವ ಸಿಡ್ನಿ, ಸ್ಯಾನ್ ಹೋಸೆ ಎಂದಾಗ ಕೋಸ್ಟರಿಕಾದ ಬದಲು ಕ್ಯಾಲಿಫೋರ್ನಿಯಾದ್ದು, ಬರ್ಮಿಂಗ್‌ಹ್ಯಾಮ್ ಎಂದಾಗ ಇಂಗ್ಲೆಂಡಿನ ಬದಲು ಅಲಬಾಮಾದ್ದು ಬರಬಹುದು. ಹಾಗಾಗಿ ಹೆಸರು ಬಿಡಿ, ಟಿಕೆಟ್‌ನಲ್ಲಿ ಕಾಣುವ ಮೂರಕ್ಷರದ ಐಎಟಿಎ ಕೋಡ್ ಹಾಕಿ. ಅದಕ್ಕಿಂತಲೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಾಲ್ಕಕ್ಷರದ ಕೋಡ್ ಇನ್ನೂ ಭದ್ರ. ಮೂರಕ್ಷರದ ಕೋಡ್ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ವಲಸೆ ಹೋಗುವುದುಂಟು. ಬ್ಯಾಂಕಾಕ್‌ನ ಬಿಕೆಕೆ 2006ರಲ್ಲಿ ಡಾನ್ ಮುಯಾಂಗ್‌ನಿಂದ ಸುವರ್ಣಭೂಮಿಗೆ ಹೋಯಿತು. ದೋಹಾದ ಕೋಡ್ 2014ರಲ್ಲಿ ಹಮದ್ ನಿಲ್ದಾಣಕ್ಕೆ ಬಂತು. ಇಸ್ತಾಂಬುಲ್‌ನ ಐಎಸ್‌ಟಿ 2019ರ ಏಪ್ರಿಲ್‌ನಲ್ಲಿ ಅತಾತುರ್ಕ್ ಬಿಟ್ಟು, ಅಲ್ಲಿಂದ 30 ಕಿ.ಮೀ.ಗೂ ದೂರದ ಹೊಸ ನಿಲ್ದಾಣಕ್ಕೆ ಸೇರಿತು. ಹಳೆಯ ದತ್ತಾಂಶ ಇಟ್ಟುಕೊಂಡಿರುವ ತಾಣ ಈಗಲೂ ಹಳೆಯ ಜಾಗದಿಂದಲೇ ಅಳೆಯುತ್ತದೆ.

ಅಕ್ಷಾಂಶ ರೇಖಾಂಶವನ್ನು ಕೈಯಾರೆ ತುಂಬುವವರಿಗೆ ಎರಡು ಎಚ್ಚರಿಕೆ. ಪಶ್ಚಿಮ ಮತ್ತು ದಕ್ಷಿಣಕ್ಕೆ ಋಣ ಚಿಹ್ನೆ ಬೇಕೇ ಬೇಕು. ಜೆಎಫ್‌ಕೆಯ ರೇಖಾಂಶ ಮೈನಸ್ 73.78. ಮೈನಸ್ ಮರೆತರೆ ನೀವು ಕಿರ್ಗಿಸ್ತಾನದಲ್ಲಿರುತ್ತೀರಿ. ಇನ್ನು 40 ಡಿಗ್ರಿ 38 ಮಿನಿಟು ಎಂದರೆ 40.38 ಅಲ್ಲ, 38ನ್ನು 60ರಿಂದ ಭಾಗಿಸಿ 40.63 ಎಂದು ಬರೆಯಬೇಕು. ಈ ಒಂದು ಎಡವಟ್ಟಿಗೆ 28 ಕಿ.ಮೀ. ತಪ್ಪುತ್ತದೆ.

ಮೈಲಿಯ ವಿಷಯದಲ್ಲಿಯೂ ಕಣ್ಣಿಡಿ. ನಾಟಿಕಲ್ ಮೈಲಿ 1.852 ಕಿ.ಮೀ., ನೆಲದ ಮೈಲಿ 1.609 ಕಿ.ಮೀ. ಜೆಎಫ್‌ಕೆ–ಹೀಥ್ರೂ ನಾಟಿಕಲ್‌ನಲ್ಲಿ ಸರಿಸುಮಾರು 3,000, ನೆಲದ ಮೈಲಿಯಲ್ಲಿ 3,450. ಬರೀ ‘ಮೈಲಿ’ ಎಂದು ಬರೆದು ಯಾವುದೆಂದು ಹೇಳದ ತಾಣದಲ್ಲಿ ಶೇಕಡಾ 15ರ ತಪ್ಪು ಕಾದು ಕುಳಿತಿರುತ್ತದೆ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ಈ ತಾಣಗಳು ಸೋಲುವುದು ಇಲ್ಲಿಯೇ.

ಹೆಚ್ಚಿನವು ಬಳಸುವ ಸೂತ್ರ ತೀರಾ ಸರಳ: ದೂರವನ್ನು ಗಂಟೆಗೆ 500 ಮೈಲಿಯಿಂದ, ಅಂದರೆ 805 ಕಿ.ಮೀ.ಯಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುವುದು. ಗಾಳಿ ಇಲ್ಲ, ವಿಮಾನದ ಮಾದರಿ ಇಲ್ಲ, ದಾರಿಯ ತಿರುವು ಇಲ್ಲ. ಪರೀಕ್ಷಿಸಲು ಒಂದು ಸುಲಭದ ಉಪಾಯ ಇದೆ. ಹೊರಡುವ ಊರನ್ನೂ ತಲುಪುವ ಊರನ್ನೂ ಅದಲುಬದಲು ಮಾಡಿ. ಪೂರ್ವ–ಪಶ್ಚಿಮದ ದಾರಿಯಲ್ಲೂ ಅದೇ ಗಂಟೆ ಅದೇ ನಿಮಿಷ ಬಂದರೆ ಆ ತಾಣಕ್ಕೆ ಗಾಳಿಯ ಅರಿವೇ ಇಲ್ಲ ಎಂದರ್ಥ. ಜೆಎಫ್‌ಕೆ–ಹೀಥ್ರೂಗೆ ಈ ಸೂತ್ರ ಎರಡೂ ಕಡೆಗೆ 7 ಗಂಟೆ 24 ನಿಮಿಷ ಎನ್ನುತ್ತದೆ. ಹೋಗುವಾಗಲೂ ತಪ್ಪು, ಬರುವಾಗಲೂ ತಪ್ಪು.

ದೂರದ ಹಾರಾಟದ ಇಂದಿನ ವಿಮಾನಗಳು ಇಷ್ಟು ನಿಧಾನವಾಗಿ ಹೋಗುವುದಿಲ್ಲ. ಬೋಯಿಂಗ್ 787, ಏರ್‌ಬಸ್ ಎ350 ಸಾಗುವುದು ಮ್ಯಾಕ್ 0.85ರ, ಅಂದರೆ ಶಬ್ದದ ವೇಗದ ಶೇ. 85ರ ಸುಮಾರಿನಲ್ಲಿ. ಮೇಲಿನ ಮೈನಸ್ 56 ಡಿಗ್ರಿ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ., ಹಾಗಾಗಿ ವಿಮಾನದ ವೇಗ ಸುಮಾರು 900 ಕಿ.ಮೀ. ಇದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಗಾಳಿಯೇ ಗಂಟೆಗೆ ನೂರು ಕಿಲೋಮೀಟರ್ ಓಡುತ್ತಿದ್ದರೆ ನೆಲಕ್ಕೆ ಹೋಲಿಸಿದ ವೇಗಕ್ಕೆ ಅದು ಕೂಡುತ್ತದೆ ಅಥವಾ ಕಳೆಯುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ, 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಇನ್ನೂ ಬಿರುಸಾಗುತ್ತದೆ. 2020ರ ಫೆಬ್ರುವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ವಿಮಾನ ಜೆಎಫ್‌ಕೆಯಿಂದ ಹೀಥ್ರೂಗೆ 4 ಗಂಟೆ 56 ನಿಮಿಷದಲ್ಲಿ ಮುಟ್ಟಿದ್ದು ಇದೇ ಗಾಳಿಯ ಬೆನ್ನೇರಿ.

ಹಾಗಾದರೆ ಲೆಕ್ಕ ಹೇಗೆ ಹಾಕಬೇಕು? ಅದೇ ಜೋಡಿಯನ್ನು ತೆಗೆದುಕೊಳ್ಳೋಣ. 5,555 ಕಿ.ಮೀ.ಗೆ ದಾರಿಯ ತಿರುವಿಗಾಗಿ ಶೇ. 3 ಸೇರಿಸಿ: 5,722. ಸರಾಸರಿ ಗಾಳಿ 90 ಕಿ.ಮೀ. ಎಂದಿಟ್ಟುಕೊಂಡರೆ ಪೂರ್ವಕ್ಕೆ ನೆಲವೇಗ 990, ಹಾರಾಟ 5 ಗಂಟೆ 47 ನಿಮಿಷ. ಏರಿಳಿಯುವಾಗಿನ ನಿಧಾನಗತಿಗೆ 15 ನಿಮಿಷ, ಗೇಟಿನಿಂದ ರನ್‌ವೇಗೆ 20, ಇಳಿದ ಮೇಲೆ ಗೇಟಿಗೆ 10, ಒಟ್ಟು 45 ನಿಮಿಷ ಸೇರಿಸಿದರೆ 6 ಗಂಟೆ 32 ನಿಮಿಷ. ಪಶ್ಚಿಮಕ್ಕೆ ನೆಲವೇಗ 810, ಹಾರಾಟ 7 ಗಂಟೆ 4 ನಿಮಿಷ, ಒಟ್ಟು 7 ಗಂಟೆ 49 ನಿಮಿಷ. ಎರಡು ದಿಕ್ಕುಗಳ ನಡುವೆ ಒಂದೂಕಾಲು ಗಂಟೆಗೂ ಮೀರಿದ ವ್ಯತ್ಯಾಸ.

ಹೋಗುತ್ತಾ ಸಿಕ್ಕಿದ್ದು ಬರುತ್ತಾ ಹೋಗುತ್ತದೆ, ಎರಡೂ ಸೇರಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಸರಿಹೋಗುವುದಿಲ್ಲ. ಗಾಳಿಯೇ ಇಲ್ಲದಿದ್ದರೆ ಈ ದಾರಿಗೆ 6 ಗಂಟೆ 21 ನಿಮಿಷದ ಹಾರಾಟ. ಹಿಂಗಾಳಿ ಉಳಿಸಿಕೊಡುವುದು 34 ನಿಮಿಷ, ಎದುರುಗಾಳಿ ಕಸಿಯುವುದು 43 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಅದಕ್ಕೇ ನಷ್ಟ ಹೆಚ್ಚು.

ವಿಮಾನ ಸಂಸ್ಥೆಯ ವೇಳಾಪಟ್ಟಿಯಲ್ಲಿರುವುದು ಬ್ಲಾಕ್ ಟೈಮ್, ಅಂದರೆ ಗೇಟು ಬಿಟ್ಟಾಗಿನಿಂದ ಗೇಟು ಸೇರುವವರೆಗಿನ ಹೊತ್ತು. ಗಿಜಿಗುಡುವ ನಿಲ್ದಾಣಗಳಿದ್ದರೆ ಅದರಲ್ಲಿ ತಡಕ್ಕೆಂದು ಒಂದಿಷ್ಟು ನಿಮಿಷ ಮೊದಲೇ ಸೇರಿಸಿರುತ್ತಾರೆ. ಆದ್ದರಿಂದ ಮೇಲಿನ ಲೆಕ್ಕಕ್ಕಿಂತ ವೇಳಾಪಟ್ಟಿ ಕಾಲು ಗಂಟೆಯೋ ಅರ್ಧ ಗಂಟೆಯೋ ಹೆಚ್ಚು ತೋರಿದರೆ ಗಾಬರಿ ಬೇಡ. ವಿಮಾನ ‘ಬೇಗ’ ಬಂದಿಳಿಯುವುದಕ್ಕೂ ಇದೇ ಕಾರಣ.

ಶೇ. 3 ಎಂಬ ತಿರುವಿನ ಅಂದಾಜು ಎಲ್ಲ ಕಡೆ ನಡೆಯುವುದಿಲ್ಲ ಎನ್ನುವುದನ್ನು ಒತ್ತಿ ಹೇಳಬೇಕು. ಸಿಂಗಾಪುರದಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಮಹಾವೃತ್ತದಲ್ಲಿ ಸುಮಾರು 15,345 ಕಿ.ಮೀ. 2018ರಲ್ಲಿ ಎ350-900ಯುಎಲ್‌ಆರ್ ವಿಮಾನದೊಂದಿಗೆ ಈ ಸೇವೆಯನ್ನು ಮತ್ತೆ ಆರಂಭಿಸಿದಾಗ ಸಿಂಗಾಪುರ್ ಏರ್‌ಲೈನ್ಸ್ ಹೇಳಿದ್ದು ಸುಮಾರು 16,700 ಕಿ.ಮೀ., ಗರಿಷ್ಠ 18 ಗಂಟೆ 45 ನಿಮಿಷ. ಶೇಕಡಾ 9ರಷ್ಟು ಹೆಚ್ಚಿನ ದಾರಿ! ಗೆರೆ ಧ್ರುವದತ್ತ ಹೋದರೂ ವಿಮಾನ ಗಾಳಿ ಅನುಕೂಲವಾಗಿರುವ ಕಡೆ ಹೋಗುತ್ತದೆ, ಏಕೆಂದರೆ ಹಿಂಗಾಳಿಯಲ್ಲಿ ಸಾವಿರ ಕಿಲೋಮೀಟರ್ ಹೆಚ್ಚು ಹೋದರೂ ಇಂಧನ ಮತ್ತು ಹೊತ್ತು ಉಳಿಯಬಹುದು. ಗಮನಿಸಿ: 805ರ ಸೂತ್ರ ಇಲ್ಲಿ 19 ಗಂಟೆ 34 ನಿಮಿಷ ಹೇಳುತ್ತದೆ. ದೂರವನ್ನು 1,350 ಕಿ.ಮೀ. ಕಡಿಮೆ ಹಿಡಿದೂ ಹೊತ್ತನ್ನು ಮುಕ್ಕಾಲು ಗಂಟೆ ಹೆಚ್ಚು ಹೇಳಿತು. ವೇಗವೂ ತಪ್ಪು, ದಾರಿಯೂ ತಪ್ಪು. ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಈ ಸೂತ್ರ ಎಷ್ಟೋ ಜೋಡಿಗಳಲ್ಲಿ ಸರಿಯಿದ್ದಂತೆ ಕಾಣುವುದು ಹೀಗೆ.

ವಿಮಾನಗಳು ಹೊರಸೂಸುವ ಇಂಗಾಲದ ಲೆಕ್ಕಕ್ಕಾಗಿ ಐಸಿಎಒ ಸಂಸ್ಥೆ ಕೂಡ ಮಹಾವೃತ್ತದ ದೂರಕ್ಕೆ ಒಂದು ತಿದ್ದುಪಡಿ ಸೇರಿಸುತ್ತದೆ: 550 ಕಿ.ಮೀ. ಒಳಗೆ 50, ಅಲ್ಲಿಂದ 5,500ರವರೆಗೆ 100, ಅದಕ್ಕೂ ಮೇಲೆ 125 ಕಿ.ಮೀ. ಸಾವಿರಾರು ಹಾರಾಟಗಳ ಸರಾಸರಿಗೆ ಅದು ಸಾಕಾಗಬಹುದು. ಒಂದು ನಿರ್ದಿಷ್ಟ ದೂರದ ಜೋಡಿಗೆ ಅದನ್ನು ಹಿಡಿದರೆ ಮೋಸ ಹೋಗುತ್ತೀರಿ.

ಗಾಳಿಗಿಂತ ದೊಡ್ಡ ತಪ್ಪು ಬರುವುದು ಮುಚ್ಚಿದ ವಾಯುಪ್ರದೇಶದಿಂದ. ಹೆಲ್ಸಿಂಕಿ–ಟೋಕಿಯೊ ಮಹಾವೃತ್ತ 7,800 ಕಿ.ಮೀ. ಚಿಲ್ಲರೆ, ಹೆಚ್ಚಿನಂಶ ರಷ್ಯಾದ ಮೇಲೆ. ತಾಣದ ಸೂತ್ರ 10 ಗಂಟೆ 14 ನಿಮಿಷ ಎನ್ನುತ್ತದೆ. 2022ರ ಫೆಬ್ರುವರಿ ಕೊನೆಯಲ್ಲಿ ರಷ್ಯಾದ ಆಕಾಶ ಯುರೋಪಿನ ಸಂಸ್ಥೆಗಳಿಗೆ ಮುಚ್ಚಿದ ಮೇಲೆ ಫಿನ್‌ಏರ್ ಮಾರ್ಚ್‌ನಲ್ಲಿ ಉತ್ತರ ಧ್ರುವ ಸುತ್ತಿ ಹಾರತೊಡಗಿತು. ಮುಂಚೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿದ್ದ ಹಾರಾಟ ಸುಮಾರು 13 ಗಂಟೆಯಾಯಿತು. ನಿಲ್ದಾಣಗಳು ಕದಲಲಿಲ್ಲ, ಆದ್ದರಿಂದ ತಾಣದ ಸಂಖ್ಯೆಯೂ ಕದಲಲಿಲ್ಲ. ದೂರದ ಜೋಡಿ ನೋಡುವಾಗ ನಕ್ಷೆಯ ಗೆರೆ ಯಾವ ಯಾವ ದೇಶದ ಮೇಲೆ ಹಾದಿದೆ ಎಂದು ನೋಡಿ, ಅಲ್ಲಿ ಆ ಸಂಸ್ಥೆಯ ವಿಮಾನ ಹಾರಬಹುದೇ ಎಂದು ಕೇಳಿಕೊಳ್ಳಿ.

ದಾರಿ ಬಾಗಲು ಇನ್ನೂ ಕಾರಣಗಳಿವೆ. ಎರಡು ಎಂಜಿನ್‌ನ ವಿಮಾನ ಒಂದು ಎಂಜಿನ್ ಕೆಟ್ಟರೂ ನಿಗದಿತ ನಿಮಿಷಗಳೊಳಗೆ ಇಳಿಯಬಲ್ಲ ನಿಲ್ದಾಣದ ಅಳತೆಯಲ್ಲೇ ಇರಬೇಕು. ಇದೇ ಇಟಾಪ್ಸ್ ನಿಯಮ. 180 ನಿಮಿಷದ ಅನುಮತಿ ಇರುವ ವಿಮಾನಕ್ಕೂ 330 ನಿಮಿಷದ್ದಕ್ಕೂ ದಕ್ಷಿಣ ಸಾಗರದ ಮೇಲೆ ದಾರಿಯೇ ಬೇರೆ; ಮೇಲೆ ಹೇಳಿದ ಸಿಡ್ನಿ–ಸ್ಯಾಂಟಿಯಾಗೊ ಇದಕ್ಕೆ ಒಳ್ಳೆಯ ಉದಾಹರಣೆ. ಗ್ರೇಟ್ ಸರ್ಕಲ್ ಮ್ಯಾಪರ್‌ನಲ್ಲಿ ಇಟಾಪ್ಸ್ ಮಿತಿಯ ಆಚೆಗಿನ ಪ್ರದೇಶವನ್ನು ನೆರಳಾಗಿ ತೋರಿಸುವ ಸೌಲಭ್ಯವಿದೆ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ಕ್ಯಾಬಿನ್‌ನ ಒತ್ತಡ ಕುಸಿದರೆ 10,000 ಅಡಿಗೆ ಇಳಿಯಲು ಜಾಗವೇ ಇಲ್ಲ, ಅದಕ್ಕಾಗಿ ಹೆಚ್ಚಿನ ದಾರಿಗಳು ಅದನ್ನು ತಪ್ಪಿಸಿ ಸುತ್ತಿ ಹೋಗುತ್ತವೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಗ್ಯಾಂಡರ್ ಮತ್ತು ಶ್ಯಾನ್‌ವಿಕ್ ನಿಯಂತ್ರಣ ಕೇಂದ್ರಗಳು ಗಾಳಿ ನೋಡಿ ದಿನಕ್ಕೆ ಎರಡು ಸಲ ಹಾದಿಗಳನ್ನು ಪ್ರಕಟಿಸುತ್ತವೆ, ನಿನ್ನೆಯ ದಾರಿ ಇವತ್ತು ಇರಬೇಕೆಂದಿಲ್ಲ.

ನೇರ ವಿಮಾನವೇ ಇಲ್ಲದ ಜೋಡಿಗೂ ಈ ತಾಣಗಳು ಎಗ್ಗಿಲ್ಲದೆ ಗಂಟೆ ಹೇಳುತ್ತವೆ, ಇದು ನಿಜಕ್ಕೂ ಬೇಸರದ ಸಂಗತಿ. ಲಂಡನ್–ಆಕ್ಲೆಂಡ್ ಸುಮಾರು 18,350 ಕಿ.ಮೀ., ಸೂತ್ರದ ಉತ್ತರ 23 ಗಂಟೆ 18 ನಿಮಿಷ. ಪ್ರಯಾಣಿಕರನ್ನು ಹೊತ್ತು ಅಷ್ಟು ದೂರ ತಡೆಯಿಲ್ಲದೆ ಹೋಗುವ ಸೇವೆ ಇಲ್ಲ. ಸಿಂಗಾಪುರದ ಮೂಲಕ ಹೋದರೆ ದೂರವೇ ಸುಮಾರು 19,300 ಕಿ.ಮೀ. ಆಗುತ್ತದೆ, ಎರಡು ಸಲ ಏರಿ ಇಳಿಯಬೇಕು, ನಡುವೆ ಕಾಯಬೇಕು. ಒಟ್ಟು 25 ಗಂಟೆಗಿಂತ ಕಡಿಮೆಯಾಗುವುದು ಅಪರೂಪ. ಇಂಥ ಜೋಡಿಗೆ ತುಂಡು ತುಂಡಾಗಿ ಲೆಕ್ಕ ಹಾಕಿ. ಪ್ರತಿ ತುಂಡಿಗೂ ಆ 45 ನಿಮಿಷ ಪ್ರತ್ಯೇಕವಾಗಿ ಸೇರಿಸಿ, ನಡುವಿನ ನಿಲುಗಡೆಯನ್ನು ವೇಳಾಪಟ್ಟಿಯಿಂದ ತೆಗೆದುಕೊಳ್ಳಿ.

ತಲುಪುವ ಸ್ಥಳೀಯ ಸಮಯ ಹೇಳುವ ತಾಣಗಳಲ್ಲಿ ಇನ್ನೊಂದು ಬಿರುಕು ಇದೆ. ಲಂಡನ್ ಮತ್ತು ನ್ಯೂಯಾರ್ಕ್ ನಡುವೆ ಐದು ಗಂಟೆ ಅಂತರ ಎಂದು ಗಟ್ಟಿಯಾಗಿ ಬರೆದಿಟ್ಟಿರುತ್ತಾರೆ. ಅಮೆರಿಕದಲ್ಲಿ ಗಡಿಯಾರ ಮುಂದಕ್ಕೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ. ಆ ಎರಡು ಮೂರು ವಾರ ಅಂತರ ನಾಲ್ಕೇ ಗಂಟೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಹೀಗೆಯೇ. ಪ್ರಯಾಣದ ದಿನಾಂಕ ಕೇಳದೆ ತಲುಪುವ ಸಮಯ ಹೇಳುವ ತಾಣವನ್ನು ಆ ವಿಷಯಕ್ಕೆ ಬಳಸಬೇಡಿ.

ಕೈಲೆಕ್ಕಕ್ಕೆ ಒಂದೇ ಭದ್ರವಾದ ಕ್ರಮ: ಹೊರಡುವ ಸಮಯವನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ) ತಿರುಗಿಸಿ, ಅವಧಿ ಕೂಡಿಸಿ, ಮತ್ತೆ ತಲುಪುವ ಊರಿನ ಸಮಯಕ್ಕೆ ತಿರುಗಿಸಿ. ಜನವರಿಯಲ್ಲಿ ಆಕ್ಲೆಂಡಿನಿಂದ ರಾತ್ರಿ 8ಕ್ಕೆ ಹೊರಟರೆ ಅದು ಯುಟಿಸಿಗಿಂತ 13 ಗಂಟೆ ಮುಂದೆ, ಅಂದರೆ ಯುಟಿಸಿಯಲ್ಲಿ ಬೆಳಗ್ಗೆ 7. ಹನ್ನೆರಡು ಗಂಟೆ ಕೂಡಿಸಿದರೆ ಸಂಜೆ 7. ಲಾಸ್ ಏಂಜಲೀಸ್ 8 ಗಂಟೆ ಹಿಂದೆ, ಆದ್ದರಿಂದ ಅಲ್ಲಿ ಬೆಳಗ್ಗೆ 11, ಅದೇ ದಿನಾಂಕ. ಹೊರಟದ್ದಕ್ಕಿಂತ ಒಂಬತ್ತು ಗಂಟೆ ಮುಂಚೆ ತಲುಪಿದಂತಾಯಿತು! ಹೋಟೆಲ್ ಕಾಯ್ದಿರಿಸುವಾಗ ಒಂದು ದಿನ ಹೆಚ್ಚುಕಡಿಮೆ ಆಗುವುದು ಈ ದಿನಾಂಕ ರೇಖೆಯ ದಾರಿಗಳಲ್ಲೇ. ನೇಪಾಳದಂತೆ 5 ಗಂಟೆ 45 ನಿಮಿಷದ ಅಂತರವಿರುವ ಕಡೆ ಪೂರ್ಣ ಗಂಟೆಗಳಲ್ಲಿ ಎಣಿಸುವ ಅಭ್ಯಾಸವೂ ಕೈಕೊಡುತ್ತದೆ.

ಅಂಕ ಕೊಡುವುದಾದರೆ, ಐದರಲ್ಲಿ, ದೂರಕ್ಕೆ ಗ್ರೇಟ್ ಸರ್ಕಲ್ ಮ್ಯಾಪರ್‌ಗೆ ಐದು, ಸಾಮಾನ್ಯ ದೂರ-ಲೆಕ್ಕದ ತಾಣಗಳಿಗೆ ನಾಲ್ಕು. ಅವಧಿಗೆ ಆ ಸಾಮಾನ್ಯ ತಾಣಗಳಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ಗಾಳಿಯ ದಿಕ್ಕಿಗೆ ಒಂದು ಅಂದಾಜನ್ನಾದರೂ ಸೇರಿಸಿ, ‘ಇದು ನೇರ ಸೇವೆ ಇಲ್ಲದ ಜೋಡಿ’ ಎಂಬ ಒಂದು ಸಾಲು ಹಾಕಿದ್ದರೆ ಮೂರೂವರೆಗೆ ಏರುತ್ತಿದ್ದವು.

ನಿಜವಾಗಿ ಎಷ್ಟು ಹೊತ್ತಾಗುತ್ತದೆ ಎಂದು ತಿಳಿಯಬೇಕಾದವರು ವಿಮಾನಗಳ ಜಾಡು ತೋರಿಸುವ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್ ತಾಣದಲ್ಲಿ ಆ ವಿಮಾನದ ಸಂಖ್ಯೆ ಹಾಕಿ, ಹಿಂದಿನ ಕೆಲವು ದಿನಗಳ ದಾಖಲೆ ತೆರೆಯಿರಿ. ಹಾರಿದ ದಾರಿಯ ಗೆರೆ, ನೆಲ ಬಿಟ್ಟ ಮತ್ತು ನೆಲ ಮುಟ್ಟಿದ ಸಮಯ ಅಲ್ಲಿ ಸಿಗುತ್ತವೆ. ಐದಾರು ದಿನಗಳ ಹಾರಾಟದ ಅವಧಿ ಬರೆದುಕೊಂಡು ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ, ಗೇಟಿನ ಓಡಾಟಕ್ಕೆ ಅರ್ಧ ಗಂಟೆ ಸೇರಿಸಿ. ಜುಲೈಯಲ್ಲಿ ನೋಡಿದ ಸರಾಸರಿಯನ್ನು ಜನವರಿಯ ಪ್ರಯಾಣಕ್ಕೆ ಹಚ್ಚಬೇಡಿ. ಪೂರ್ವ–ಪಶ್ಚಿಮದ ದಾರಿಯಾದರೆ ಆ ಎರಡು ತಿಂಗಳ ಗಾಳಿ ಬೇರೆಯೇ.